ಮರ ಕಡಿಯುವ ಮುನ್ನ ನೆರಳು ಅಳೆಯಿರಿ

ಕಳೆದ ಸಂಕ್ರಾಂತಿಗೆ ನಾನು ಮುರುಗಮಲ್ಲದ ಅಕ್ಕನ ಮನೆಗೆ ಹೋದಾಗ ಅಂಗಳದಲ್ಲಿ ಒಂದು ಸಣ್ಣ ಪಂಚಾಯಿತಿಯೇ ಸೇರಿತ್ತು. ಮನೆಯ ಪೂರ್ವಕ್ಕಿರುವ ಹುಣಸೆಮರವನ್ನು ಕಡಿಸಬೇಕೇ ಬೇಡವೇ ಎಂಬುದು ವಿಷಯ. ಮರ ಭಾವನವರ ತಂದೆ ನೆಟ್ಟದ್ದು; ಅದಕ್ಕೆ ಅರವತ್ತು ದಾಟಿದೆ, ಹೆಚ್ಚುಕಡಿಮೆ ನನ್ನದೇ ವಯಸ್ಸು. ಕಡಿಸಬೇಕೆಂದು ಸಲಹೆ ಕೊಟ್ಟವರು, ಹಿಂದಿನ ವರ್ಷ ತಾರಸಿಯ ಮೇಲೆ ಸೌರಫಲಕಗಳನ್ನು ಅಳವಡಿಸಿದ್ದ ಖಾಸಗಿ ಸಂಸ್ಥೆಯೊಂದರ ಹುಡುಗರು. ವಿದ್ಯುತ್ ನಿರೀಕ್ಷೆಯಷ್ಟು ಬರುತ್ತಿಲ್ಲವೆಂದು ಅಕ್ಕನ ಮಗ ಮೂರು ಬಾರಿ ದೂರು ಕೊಟ್ಟ ಮೇಲೆ ಅವರು ಬಂದು, ಮೇಲಕ್ಕೊಮ್ಮೆ ನೋಡಿ, ‘ಮರ ತೆಗೆಸಿಬಿಡಿ ಸಾರ್, ಆಮೇಲೆ ಯೂನಿಟ್ ಬರದಿದ್ದರೆ ನಮ್ಮನ್ನು ಕೇಳಿ’ ಎಂದು ಹೇಳಿ ಹೋಗಿದ್ದರು.

ಚಿಂತಾಮಣಿ ತಾಲ್ಲೂಕಿನ ಈ ಊರನ್ನು ಹೊರಗಿನವರು ಬಲ್ಲದ್ದು ಅಮ್ಮಾಜಾನ್–ಬಾವಾಜಾನ್ ದರ್ಗಾದಿಂದ, ಇಲ್ಲವೇ ಮುಕ್ತೀಶ್ವರ ದೇವಾಲಯದಿಂದ. ಊರಿನವರಿಗೆ ಗೊತ್ತಿರುವುದು ಬೇರೆ ಎರಡು ಸಂಗತಿ: ಬಿಸಿಲು ಮತ್ತು ನೀರಿನ ಅಭಾವ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಈ ಸೀಮೆಯಲ್ಲಿ ತಾನಾಗಿ ಉಳಿದು ಬೆಳೆದು ನೆರಳು ಕೊಡುವ ಮರಗಳು ಬೆರಳೆಣಿಕೆಯವು. ಹುಣಸೆ ಅವುಗಳಲ್ಲಿ ಮೊದಲನೆಯದು. ಮನೆಮಾತು ತೆಲುಗಾಗಿರುವ ನಮ್ಮ ನೆರೆಹೊರೆಯವರು ಅದನ್ನು ಚಿಂತಚೆಟ್ಟು ಎನ್ನುತ್ತಾರೆ. (ಚಿಂತಾಮಣಿ ಎಂಬ ಹೆಸರಿಗೆ ಇದು ಕಾರಣವಲ್ಲ, ಅದು ಮರಾಠ ಸರದಾರ ಚಿಂತಾಮಣಿ ರಾಯನಿಂದ ಬಂದದ್ದೆಂದು ಹೇಳುವುದು ವಾಡಿಕೆ.) ಪಕ್ಕದ ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪನ್ನು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಸರ್ಕಾರ ಘೋಷಿಸಿತು. ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದೂ ಅದೇ ವರ್ಷ. ಹುಣಸೆಯ ಬೆಲೆ ಸರ್ಕಾರಕ್ಕೆ ಗೊತ್ತಿಲ್ಲವೆಂದು ಹೇಳುವಂತಿಲ್ಲ.

ನಾನು ಎಂಜಿನಿಯರ್ ಅಲ್ಲ. ಅರ್ಥಶಾಸ್ತ್ರ ಓದಿ, ಸರ್ಕಾರಿ ಸೇವೆಯಲ್ಲಿ ಮೂರು ದಶಕ ಕಡತಗಳ ನಡುವೆ ಕಳೆದವನು. ಆದರೆ ಒಂದು ಮರದ ಆಯುಷ್ಯವನ್ನು ತೀರ್ಮಾನಿಸುವ ಮುನ್ನ ಲೆಕ್ಕ ನೋಡಬೇಕೆಂಬಷ್ಟು ವಿವೇಕವನ್ನು ಆ ಕಡತಗಳು ಕಲಿಸಿವೆ. ಹಾಗಾಗಿ ಪಂಚಾಯಿತಿಯನ್ನು ಎರಡು ದಿನ ಮುಂದೂಡುವಂತೆ ಕೇಳಿಕೊಂಡೆ.

ಲೆಕ್ಕ ಹೀಗಿದೆ. ತಾರಸಿಯ ಮೇಲೆ 540 ವ್ಯಾಟಿನ ಆರು ಫಲಕಗಳಿವೆ. ಒಟ್ಟು ಮೂರು ಕಿಲೋವ್ಯಾಟಿಗಿಂತ ತುಸು ಹೆಚ್ಚು. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆಯಡಿ ಇದಕ್ಕೆ 78,000 ರೂಪಾಯಿ ಸಹಾಯಧನ ದೊರೆತಿದೆ. ನಮ್ಮ ರಾಜ್ಯದ ಬಿಸಿಲಿನಲ್ಲಿ ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಅಂದರೆ ಜನವರಿಯ ನಿರ್ಮಲ ಆಕಾಶದಲ್ಲಿ ಹನ್ನೆರಡು–ಹದಿಮೂರು ಯೂನಿಟ್ ಬರಬೇಕು. ಬರುತ್ತಿದ್ದದ್ದು ಎಂಟಕ್ಕೂ ಕಡಿಮೆ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಎಲ್ಲಿಯೋ ಸೋರಿಹೋಗುತ್ತಿತ್ತು. ಆದರೆ ತಾರಸಿಗೆ ಹತ್ತಿ ನೋಡಿದರೆ ಫಲಕಗಳ ಮೂರನೇ ಒಂದು ಭಾಗ ದಿನವಿಡೀ ನೆರಳಿನಲ್ಲಿರಲಿಲ್ಲ. ಅಲ್ಲೊಂದು ಇಲ್ಲೊಂದು ಪಟ್ಟೆಯಷ್ಟೇ ಬೀಳುತ್ತಿತ್ತು. ಸಾಮಾನ್ಯ ಬುದ್ಧಿಗೆ ಒಗ್ಗದ ವಿಷಯ ಇದೇ: ಸ್ವಲ್ಪ ನೆರಳು ಏಕೆ ಬಹಳಷ್ಟು ವಿದ್ಯುತ್ತನ್ನು ನುಂಗುತ್ತದೆ?

ನಮ್ಮ ಕಡೆ ಕೆರೆ ಹೂಳೆತ್ತುವುದನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಕೆರೆಯಂಗಳದಿಂದ ಏರಿಯವರೆಗೆ ಜನ ಸಾಲಾಗಿ ನಿಂತು ಮಣ್ಣಿನ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಐವತ್ತು ಜನರಲ್ಲಿ ಒಬ್ಬ ದಣಿದರೆ ಕಡಿಮೆಯಾಗುವುದು ಅವನೊಬ್ಬನ ಪಾಲಲ್ಲ. ಇಡೀ ಸಾಲು ಅವನ ವೇಗಕ್ಕೆ ಇಳಿಯುತ್ತದೆ. ಸೌರಫಲಕದೊಳಗಿನ ಕೋಶಗಳೂ ಹೀಗೆಯೇ ಒಂದರ ಹಿಂದೆ ಒಂದು ನಿಂತಿವೆ. ಫಲಕಗಳನ್ನೂ ಹಾಗೆಯೇ ಒಂದಕ್ಕೊಂದು ಜೋಡಿಸಿ ಸರಣಿ ಮಾಡಿರುತ್ತಾರೆ. ಸರಣಿಯಲ್ಲಿ ಹರಿಯುವ ವಿದ್ಯುತ್ ಪ್ರವಾಹ ಎಲ್ಲ ಕೋಶಗಳಲ್ಲೂ ಒಂದೇ ಆಗಿರಬೇಕು. ನೆರಳಿಗೆ ಸಿಕ್ಕ ಕೋಶಕ್ಕೆ ಅಷ್ಟು ಪ್ರವಾಹವನ್ನು ಉತ್ಪಾದಿಸುವ ಶಕ್ತಿಯಿಲ್ಲ. ಉಳಿದವು ಅದರ ಮೂಲಕ ನುಗ್ಗಿಸಲು ಯತ್ನಿಸುತ್ತವೆ. ಆಗ ಆ ಕೋಶ ಕೊಡುವುದನ್ನು ಬಿಟ್ಟು ತಿನ್ನಲು ತೊಡಗುತ್ತದೆ, ಬಿಸಿಯಾಗುತ್ತದೆ. ಹಳೆಯ ಫಲಕಗಳ ಮೇಲೆ ಕಾಣುವ ಕಂದು ಸುಟ್ಟ ಕಲೆಗಳಲ್ಲಿ ಅನೇಕವು ಈ ಬಗೆಯವು.

ಇದನ್ನು ತಪ್ಪಿಸಲು ತಯಾರಕರು ಪ್ರತಿ ಫಲಕದಲ್ಲಿ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡುಗಳನ್ನು ಇಟ್ಟಿರುತ್ತಾರೆ. ದಣಿದವನನ್ನು ಬಿಟ್ಟು ಅವನಾಚೆಯವನಿಗೆ ಬುಟ್ಟಿ ಚಾಚಿ ಕೊಟ್ಟಂತೆ ಇದರ ಕೆಲಸ. ಆದರೆ ಡಯೋಡ್ ಬಿಡುವುದು ಒಂದೇ ಕೋಶವನ್ನಲ್ಲ, ಆ ಕೋಶವಿರುವ ಇಡೀ ಗುಂಪನ್ನು. ಹೀಗಾಗಿ ಅಂಗೈಯಗಲದ ನೆರಳು ಫಲಕದ ಮೂರನೇ ಒಂದು ಭಾಗದವರೆಗೆ ಕೆಲಸದಿಂದ ತೆಗೆದುಹಾಕಬಲ್ಲದು. ಒಣಗಿದ ತೆಂಗಿನ ಗರಿ, ಹಕ್ಕಿಯ ಹಿಕ್ಕೆಯ ದಪ್ಪ ಕಲೆ, ಡಿಷ್ ಆಂಟೆನಾ ಇವೆಲ್ಲ ನಾವೆಣಿಸಿದಷ್ಟು ಸಾಧುವಲ್ಲ.

ಇಷ್ಟಕ್ಕೇ ಮುಗಿಯುವುದಿಲ್ಲ. ಫಲಕಗಳಿಂದ ಬಂದ ವಿದ್ಯುತ್ತನ್ನು ಮನೆಗೆ ಒಗ್ಗಿಸುವ ಇನ್ವರ್ಟರ್, ಯಾವ ವೋಲ್ಟೇಜಿನಲ್ಲಿ ಗರಿಷ್ಠ ಶಕ್ತಿ ಸಿಗುತ್ತದೆಂದು ಸದಾ ಹುಡುಕುತ್ತಿರುತ್ತದೆ. ಅದರ ಹುಡುಕಾಟ, ಮಂಜು ಕವಿದಾಗ ನಂದಿಯ ಆಸುಪಾಸಿನ ಬೆಟ್ಟ ಹತ್ತುವವನದ್ದರಂತೆ. ಕಾಲಡಿಯ ನೆಲ ಏರುತ್ತಿದೆಯೇ ಇಳಿಯುತ್ತಿದೆಯೇ ಎಂಬುದಷ್ಟೇ ಅವನಿಗೆ ತಿಳಿಯುತ್ತದೆ. ಏರುತ್ತಿದ್ದರೆ ಮುಂದೆ, ಇಳಿಯುತ್ತಿದ್ದರೆ ಹಿಂದೆ. ಪೂರ್ಣ ಬಿಸಿಲಿನಲ್ಲಿ ಬೆಟ್ಟ ಒಂದೇ, ಆದ್ದರಿಂದ ತುದಿ ತಪ್ಪುವುದಿಲ್ಲ. ಅರೆ ನೆರಳು ಬಿದ್ದು ಡಯೋಡುಗಳು ಕೆಲಸ ಆರಂಭಿಸಿದೊಡನೆ ಒಂದು ಬೆಟ್ಟದ ಜಾಗದಲ್ಲಿ ಎರಡು ಮೂರು ಗುಡ್ಡಗಳೇಳುತ್ತವೆ. ಇನ್ವರ್ಟರ್ ಮೊದಲು ಸಿಕ್ಕ ಚಿಕ್ಕ ಗುಡ್ಡದ ನೆತ್ತಿಯಲ್ಲಿ ನಿಂತು, ತುದಿ ಮುಟ್ಟಿದೆನೆಂದು ಸಮಾಧಾನಪಟ್ಟುಕೊಳ್ಳುತ್ತದೆ. ಈಗಿನ ಅನೇಕ ಇನ್ವರ್ಟರುಗಳಲ್ಲಿ, ಕೆಲವು ನಿಮಿಷಗಳಿಗೊಮ್ಮೆ ಇಡೀ ಶ್ರೇಣಿಯನ್ನು ಸುತ್ತಿನೋಡಿ ನಿಜವಾದ ಎತ್ತರವನ್ನು ಹುಡುಕುವ ಏರ್ಪಾಡು ಇದೆ. ಹಲವು ಕಡೆ ಅದನ್ನು ಸೆಟ್ಟಿಂಗಿಗೆ ಹೋಗಿ ನಾವೇ ಚಾಲೂ ಮಾಡಬೇಕು. ಅಕ್ಕನ ಮನೆಯ ಯಂತ್ರದಲ್ಲೂ ಅದು ಇತ್ತು. ಯಾರೂ ಚಾಲೂ ಮಾಡಿರಲಿಲ್ಲ, ಅಷ್ಟೆ.

ಅಕ್ಕನ ಮಗ ಐಟಿಐ ಓದಿದವನು, ತಾಳ್ಮೆಯುಳ್ಳವನು. ಒಂದು ಭಾನುವಾರ ಬೆಳಗಿನಿಂದ ಸಂಜೆಯವರೆಗೆ ತಾರಸಿಯ ಮೇಲೆ ಕುಳಿತು, ಅರ್ಧ ಗಂಟೆಗೊಮ್ಮೆ ನೆರಳಿನ ಅಂಚನ್ನು ಸೀಮೆಸುಣ್ಣದಿಂದ ಗುರುತಿಸಿ, ಪಕ್ಕದಲ್ಲಿ ವೇಳೆಯನ್ನು ಬರೆದ. ಅದೇ ಹೊತ್ತಿಗೆ ಇನ್ವರ್ಟರ್ ತೋರಿಸುತ್ತಿದ್ದ ವ್ಯಾಟನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕಂದಾಯ ಇಲಾಖೆಯ ಮಹಜರಿಗಿಂತ ಇದು ಎಷ್ಟೋ ಪ್ರಾಮಾಣಿಕವಾದ ದಾಖಲೆ ಎಂದು ಹೇಳಲು ನನಗೇನೂ ಸಂಕೋಚವಿಲ್ಲ.

ಸಂಜೆ ನೋಡಿದರೆ ಆರೋಪಿ ಬೇರೆಯೇ ಇದ್ದ. ಹುಣಸೆಮರದ ನೆರಳು ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಫಲಕಗಳನ್ನು ಬಿಟ್ಟು ಸರಿದಿತ್ತು. ಆ ವೇಳೆಗೆ ಮುನ್ನ ದಿನದ ಉತ್ಪಾದನೆಯ ನೂರಕ್ಕೆ ಹತ್ತರಷ್ಟೂ ಆಗುವುದಿಲ್ಲ. ಬೆಳಗಿನ ಹತ್ತರಿಂದ ಮಧ್ಯಾಹ್ನ ಮೂರರವರೆಗಿನ ಐದು ಗಂಟೆಗಳಲ್ಲೇ ಐದನೇ ಮೂರು ಭಾಗಕ್ಕಿಂತ ಹೆಚ್ಚು ಬಂದುಬಿಡುತ್ತದೆ. ಅಲ್ಲದೆ ಮರದ ನೆರಳು ಗೋಡೆಯ ನೆರಳಿನಂಥದಲ್ಲ. ಸೂರ್ಯ ಒಂದು ಚುಕ್ಕೆಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟು ಅಗಲವಿರುವ ಬಿಂಬ. ಆದ್ದರಿಂದ ಯಾವುದೇ ವಸ್ತುವಿನ ಗಾಢ ನೆರಳು ಅದರ ಅಗಲದ ನೂರರಷ್ಟು ದೂರಕ್ಕೆ ಹೋಗುವಷ್ಟರಲ್ಲಿ ಕರಗುತ್ತದೆ. ಒಂದು ಸೆಂಟಿಮೀಟರ್ ದಪ್ಪದ ತಂತಿಯ ಕಪ್ಪು ನೆರಳು ಸುಮಾರು ಒಂದು ಮೀಟರಿನಾಚೆ ಇರುವುದಿಲ್ಲ. ಮೂವತ್ತು ಅಡಿ ದೂರದ ಹುಣಸೆಯ ಸಣ್ಣ ಎಲೆಗಳ ನೆರಳು ಬರಿಯ ಮಬ್ಬು. ಕೈಗೆಟುಕುವಷ್ಟು ಹತ್ತಿರದ ನೀರಿನ ಪೈಪಿನ ನೆರಳು ಕತ್ತಿಯಂಥದು.

ನಿಜವಾದ ಆರೋಪಿ ಮೆಟ್ಟಿಲ ಕೋಣೆ ಮತ್ತು ಅದರ ಮೇಲಿನ ನೀರಿನ ಟ್ಯಾಂಕು. ವಾಸ್ತು ಹೇಳಿದಂತೆ ಅವು ನೈಋತ್ಯ ಮೂಲೆಯಲ್ಲಿವೆ. ಭಾರವಾದದ್ದೂ ಎತ್ತರವಾದದ್ದೂ ನೈಋತ್ಯದಲ್ಲಿರಬೇಕೆಂಬ ನಂಬಿಕೆಯಿಂದ ಕಟ್ಟಿದ ಮನೆಗಳು ನಮ್ಮ ಊರುಗಳಲ್ಲೂ ಬೆಂಗಳೂರಿನ ಬಡಾವಣೆಗಳಲ್ಲೂ ಸಾವಿರಾರು. ವಾಸ್ತುವಿನ ಸತ್ಯಾಸತ್ಯದ ಚರ್ಚೆ ನನಗೆ ಬೇಡ. ಆದರೆ ಸೆಪ್ಟೆಂಬರಿನಿಂದ ಮಾರ್ಚಿಯವರೆಗೆ ಮಧ್ಯಾಹ್ನದ ಸೂರ್ಯ ಇರುವುದು ನೈಋತ್ಯದಲ್ಲೇ. ತಾರಸಿಯಿಂದ ಹನ್ನೆರಡು ಅಡಿ ಎತ್ತರದ ಟ್ಯಾಂಕಿನ ನೆರಳು, ಡಿಸೆಂಬರ್ ಕೊನೆಯಲ್ಲಿ ನಡುಹಗಲಿಗೆ ಒಂಬತ್ತು ಅಡಿ ಉತ್ತರಕ್ಕೆ ಚಾಚಿದರೆ, ಮೂರು ಗಂಟೆಯ ಸುಮಾರಿಗೆ ಹತ್ತೊಂಬತ್ತು ಅಡಿಯಾಗಿ ಈಶಾನ್ಯದತ್ತ ತಿರುಗುತ್ತದೆ. ಕೇಬಲ್ ಉಳಿಸುವ ಸಲುವಾಗಿ ಸಂಸ್ಥೆಯ ಹುಡುಗರು ಫಲಕಗಳ ಸಾಲನ್ನು ಮೆಟ್ಟಿಲ ಕೋಣೆಯ ಉತ್ತರ ಮಗ್ಗುಲಿನಿಂದಲೇ ಆರಂಭಿಸಿದ್ದರು. ಹನ್ನೆರಡೂವರೆಗೆ ಮೊದಲ ಫಲಕಕ್ಕೆ ನೆರಳು, ಎರಡಕ್ಕೆ ಎರಡನೆಯದಕ್ಕೆ, ಮೂರಕ್ಕೆ ನಾಲ್ಕನೆಯದರ ಅಂಚಿಗೆ. ಮರ ಕಡಿಸಿದ್ದರೆ ಹೆಚ್ಚೆಂದರೆ ಒಂದು ಯೂನಿಟ್ ದಕ್ಕುತ್ತಿತ್ತು. ಉಳಿದ ನಾಲ್ಕು ಯೂನಿಟ್ ಎಂದಿನಂತೆ ಟ್ಯಾಂಕಿನ ನೆರಳಿಗೇ ಹೋಗುತ್ತಿದ್ದವು.

ಪರವಾನಗಿಯುಳ್ಳ ಬೇರೊಬ್ಬ ಎಲೆಕ್ಟ್ರಿಷಿಯನ್‌ರನ್ನು ಚಿಂತಾಮಣಿಯಿಂದ ಕರೆಸಿ, ಆರೂ ಫಲಕಗಳನ್ನು ತಾರಸಿಯ ದಕ್ಷಿಣ ಅಂಚಿನಲ್ಲಿ ಪೂರ್ವದ ಕೊನೆಗೆ ಒತ್ತರಿಸಿ ಕೂರಿಸಲಾಯಿತು. ಮೂರಡಿಯ ಪ್ಯಾರಾಪೆಟ್ಟಿನ ನೆರಳು ತಾಕದಂತೆ ಸ್ಟ್ಯಾಂಡಿನ ಎತ್ತರ ಹೆಚ್ಚಿಸಿದರು. ಇನ್ವರ್ಟರಿನಲ್ಲಿ ನೆರಳಿನ ಹುಡುಕಾಟದ ಏರ್ಪಾಡನ್ನು ಚಾಲೂ ಮಾಡಿದರು. ಮರದ ಪಶ್ಚಿಮಕ್ಕೆ ಬಾಗಿದ ಎರಡು ಕೊಂಬೆ ಸವರಿದ್ದಾಯಿತು. ಖರ್ಚು ಎರಡು ದಿನದ ಕೂಲಿ, ಸ್ವಲ್ಪ ಕೇಬಲ್ ಮತ್ತು ಕಬ್ಬಿಣದ್ದು. ಮರುವಾರದಿಂದ ದಿನಕ್ಕೆ ಹನ್ನೊಂದು ಯೂನಿಟ್ ಬರುತ್ತಿದೆ, ಒಮ್ಮೊಮ್ಮೆ ಹನ್ನೊಂದೂವರೆ. (ಓದುಗರು ಇದನ್ನು ತಾವೇ ಮಾಡಲು ಹೋಗಬಾರದು. ಬಿಸಿಲಿದ್ದಷ್ಟೂ ಹೊತ್ತು ಆ ತಂತಿಗಳಲ್ಲಿ ಇನ್ನೂರೈವತ್ತು ವೋಲ್ಟಿನಷ್ಟು ನೇರ ವಿದ್ಯುತ್ ಇರುತ್ತದೆ. ಮೇನ್ ಸ್ವಿಚ್ ಆರಿಸಿದರೂ ಫಲಕ ಆರುವುದಿಲ್ಲ.)

ಇನ್ನು ಮರದ ಲೆಕ್ಕ. ದಿನಕ್ಕೊಂದು ಯೂನಿಟ್ ಎಂದೇ ಹಿಡಿಯೋಣ. ಮೋಡದ ದಿನಗಳನ್ನು ಕಳೆದು ವರ್ಷಕ್ಕೆ ಮುನ್ನೂರು ಯೂನಿಟ್, ಯೂನಿಟ್ಟಿಗೆ ಆರು ರೂಪಾಯಿಯ ಆಸುಪಾಸಿನಂತೆ 1,800 ರೂಪಾಯಿ. ಹುಣಸೆ ಫಸಲನ್ನು ಮರದ ಮೇಲಿರುವಾಗಲೇ ಗುತ್ತಿಗೆಗೆ ಕೊಡುವುದು ನಮ್ಮ ಕಡೆಯ ಪದ್ಧತಿ. ಹೋದ ವರ್ಷ ಈ ಮರದ ಗುತ್ತಿಗೆಯಿಂದ ಅಕ್ಕನ ಕೈಗೆ ಬಂದದ್ದು ನಾಲ್ಕು ಸಾವಿರ. ಪೂರ್ವದ ಗೋಡೆ ಬೆಳಗಿನ ಬಿಸಿಲಿಗೆ ಕಾಯದೆ ಉಳಿಯುವುದಕ್ಕೆ, ಹಾಲು ಹಾಕಲು ಬರುವವರಿಂದ ಹಿಡಿದು ದರ್ಗಾಕ್ಕೆ ನಡೆದುಬರುವ ಅಪರಿಚಿತರವರೆಗೆ ಅದರಡಿ ಕೂರುವವರಿಗೆ ನಾನು ಬೆಲೆ ಕಟ್ಟಿಲ್ಲ. ಕಡಿಸಿ ಎಂದವರು ಈ ಲೆಕ್ಕವನ್ನು ಮಾಡಿರಲಿಲ್ಲ, ಏಕೆಂದರೆ ಮಾಡುವ ಅಗತ್ಯ ಅವರಿಗಿರಲಿಲ್ಲ. ಫಲಕ ಸರಿಸುವ ಖರ್ಚು ಅವರದು. ಮರ ಹೋದರೆ ನಷ್ಟ ಬೇರೆಯವರದು. ಮರ ಕಡಿಯಲು ಅನುಮತಿಯ ಪ್ರಶ್ನೆಯೊಂದಿದೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಎಂಬುದೊಂದಿದೆ ಎಂದು ನಾನು ಹೇಳಿದಾಗ ಆ ಹುಡುಗರು ನನ್ನನ್ನು ನಿವೃತ್ತರನ್ನು ನೋಡುವಂತೆಯೇ ನೋಡಿದರು.

ಮನೆಯಲ್ಲಿ ನೆರಳು ಕಸಿಯುವುದು ಒಂದಿಷ್ಟು ಹಣವನ್ನು. ಹೊಲದಲ್ಲಿ ಅದು ಕಸಿಯುವುದು ನೀರನ್ನೇ. ಪಿಎಂ ಕುಸುಮ್ ಯೋಜನೆಯ ಬಿ ಘಟಕದಡಿ ನಮ್ಮ ರಾಜ್ಯದಲ್ಲಿ ಸೌರ ಪಂಪ್‌ಸೆಟ್ಟಿಗೆ ಕೇಂದ್ರ ಶೇ 30, ರಾಜ್ಯ ಶೇ 50 ಕೊಡುತ್ತವೆ; ರೈತ ಶೇ 20 ಹಾಕಬೇಕು. ಉಳುವ ನೆಲ ಹಾಳಾಗದಿರಲೆಂದು ರೈತರು ಫಲಕಗಳನ್ನು ಬದುವಿನ ಮೇಲೆ, ಎಂದರೆ ಹೊಂಗೆ, ಬೇವು, ಸಿಲ್ವರ್ ಓಕ್‌ಗಳ ಪಕ್ಕದಲ್ಲಿ ಕೂರಿಸಿಕೊಳ್ಳುವುದು ಸಹಜ. ಇಲ್ಲೊಂದು ಕ್ರೂರವಾದ ಗಣಿತವಿದೆ. ಬಿಸಿಲು ಕಡಿಮೆಯಾದಂತೆ ನಿಯಂತ್ರಕವು ಮೋಟಾರಿನ ವೇಗವನ್ನು ಇಳಿಸುತ್ತದೆ. ಪಂಪು ನೀರೆತ್ತಬಲ್ಲ ಎತ್ತರವಾದರೋ ವೇಗದ ವರ್ಗಕ್ಕೆ ಅನುಗುಣವಾದದ್ದು. ವೇಗ ಹತ್ತರಲ್ಲೊಂದು ಭಾಗ ಇಳಿದರೆ ಎತ್ತರ ಐದರಲ್ಲೊಂದು ಭಾಗ ಇಳಿಯುತ್ತದೆ. ಐವತ್ತು ಅಡಿಯ ತೆರೆದ ಬಾವಿಯಾದರೆ ನೀರು ತುಸು ಕಡಿಮೆ ಬಂದೀತು. ಆದರೆ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ಕೊಳವೆಬಾವಿಗಳು ಸಾವಿರ ಅಡಿ ದಾಟಿ ವರ್ಷಗಳೇ ಆದವು. ಅಷ್ಟು ಆಳದಲ್ಲಿ ಪಂಪಿಗೆ ಬಿಟ್ಟಿರುವ ಅಂತರವೇ ಅಲ್ಪ. ಐದರಲ್ಲೊಂದು ಭಾಗ ಎತ್ತರ ಕಡಿಮೆಯಾದರೆ ನೀರು ಪೈಪಿನಲ್ಲಿ ಅರ್ಧ ದಾರಿ ಏರಿ ನಿಂತುಬಿಡುತ್ತದೆ. ಮೋಟಾರು ತಿರುಗುತ್ತಿರುತ್ತದೆ, ಮೀಟರು ವ್ಯಾಟ್ ತೋರಿಸುತ್ತಿರುತ್ತದೆ, ತೊಟ್ಟಿಗೆ ಹನಿ ಬೀಳುವುದಿಲ್ಲ. ಟೊಮೆಟೊ ಗಿಡಕ್ಕೆ ಸಂಜೆಯ ನೀರು ತಪ್ಪಿದ ರೈತ ಪಂಪನ್ನು ಬೈಯುತ್ತಾನೆ, ಕೊಳವೆಬಾವಿಯನ್ನು ಶಪಿಸುತ್ತಾನೆ. ಮೂರು ಗಂಟೆಯ ನಂತರ ಸಾಲಿನ ಕೊನೆಯ ಎರಡು ಫಲಕಗಳ ಮೇಲೆ ಹರಿದಾಡುವ ನೆರಳು ಅವನಿಗೆ ಕಾಣುವುದಿಲ್ಲ. ಕಂಡರೆ ಕೊಡಲಿ ಎತ್ತುತ್ತಾನೆ. ಎರಡೂ ನಷ್ಟವೇ.

ದೊಡ್ಡ ಸೌರ ಸ್ಥಾವರಗಳಲ್ಲಿ ಈ ಸಮಸ್ಯೆಯನ್ನು ಕಾಗದದ ಮೇಲೆಯೇ ಪರಿಹರಿಸಿಕೊಂಡಿರುತ್ತಾರೆ. ಹಳೆಯ ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ ಕರ್ನಾಟಕ ವಿದ್ಯುತ್ ನಿಗಮ ಸ್ಥಾಪಿಸಿದ ಮೂರು ಮೆಗಾವ್ಯಾಟಿನ ಸ್ಥಾವರ ಈ ದಾರಿಯಲ್ಲಿ ರಾಜ್ಯದ ಮೊದಲ ಹೆಜ್ಜೆ. ಪಾವಗಡದ 2,050 ಮೆಗಾವ್ಯಾಟಿನ ಪಾರ್ಕು ಹದಿಮೂರು ಸಾವಿರ ಎಕರೆಯಷ್ಟು ವಿಶಾಲ. ಗೌರಿಬಿದನೂರು ತಾಲ್ಲೂಕಿನ ಹನುಮೇನಹಳ್ಳಿಯಲ್ಲಿ 2025ರ ಜೂನ್‌ನಲ್ಲಿ ಕುಸುಮ್ ಯೋಜನೆಯಡಿ ಉದ್ಘಾಟನೆಯಾದ ಸ್ಥಾವರ ರೈತರ ಪಂಪ್‌ಸೆಟ್ಟುಗಳ ಫೀಡರಿಗೆಂದೇ ಮಾಡಿದ್ದು. ಇಂಥಲ್ಲಿ ಬೀಳುವ ಮುಖ್ಯ ನೆರಳು ಮುಂದಿನ ಸಾಲಿನದು ಹಿಂದಿನ ಸಾಲಿನ ಮೇಲೆ. ಎರಡು ಸಾಲುಗಳ ನಡುವೆ ಎಷ್ಟು ಅಂತರ ಬಿಡಬೇಕು, ಫಲಕ ನಿಲ್ಲಿಸಬೇಕೇ ಮಲಗಿಸಬೇಕೇ ಎಂದು ಎಂಜಿನಿಯರುಗಳು ವರ್ಷದ ಪ್ರತಿ ಗಂಟೆಗೂ ಲೆಕ್ಕ ಹಾಕುತ್ತಾರೆ. ನಿಲ್ಲಿಸುವುದು, ಮಲಗಿಸುವುದು ಸಣ್ಣ ಮಾತಲ್ಲ. ಹಳೆಯ ಮಾದರಿಯ ಫಲಕದಲ್ಲಿ ಮೂರು ಗುಂಪುಗಳು ಉದ್ದುದ್ದ ಪಟ್ಟಿಗಳಾಗಿರುತ್ತವೆ. ಮಲಗಿಸಿದರೆ ಬುಡದ ನೆರಳಿಗೆ ಒಂದು ಪಟ್ಟಿ ಮಾತ್ರ ಹೋಗುತ್ತದೆ, ನಿಲ್ಲಿಸಿದರೆ ಮೂರೂ ಹೋಗುತ್ತವೆ. ಈಗ ಬರುತ್ತಿರುವ ಅರ್ಧ ಕೋಶದ ಫಲಕಗಳಲ್ಲಿ ಮೇಲರ್ಧ ಕೆಳಗಿನರ್ಧವನ್ನು ಅವಲಂಬಿಸದ ಕಾರಣ, ನಿಲ್ಲಿಸಿದರೆ ಬುಡದ ನೆರಳಿನಲ್ಲೂ ಅರ್ಧ ಉಳಿಯುತ್ತದೆ. ಬಹುಕೋಟಿ ಬಂಡವಾಳಕ್ಕೆ ದೊರೆಯುವ ಈ ಜ್ಞಾನ, ಸಾಲ ಮಾಡಿ ಮೂರು ಕಿಲೋವ್ಯಾಟ್ ಹಾಕಿಸಿಕೊಳ್ಳುವ ಮನೆಗೆ ಏಕೆ ದೊರೆಯಬಾರದು?

ದೊರೆಯದಿರಲು ಕಾರಣ ಅಜ್ಞಾನವೊಂದೇ ಅಲ್ಲ. ಸಹಾಯಧನ ನಿಗದಿಯಾಗುವುದು ಕಿಲೋವ್ಯಾಟಿನ ಲೆಕ್ಕದಲ್ಲಿ, ಯೂನಿಟ್ಟಿನ ಲೆಕ್ಕದಲ್ಲಿ ಅಲ್ಲ. ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000. ಫಲಕ ಬಿಸಿಲಿನಲ್ಲಿರಲಿ, ಟ್ಯಾಂಕಿನ ಬುಡದಲ್ಲಿರಲಿ, ಮೊತ್ತ ಒಂದೇ. ಹಿಂದೆ ಹೀಗಿರಲಿಲ್ಲ. 2013ರಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು, ಸಹಾಯಧನ ಪಡೆಯದ ತಾರಸಿ ಸೌರ ಘಟಕದ ಪ್ರತಿ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ದರ ನಿಗದಿ ಮಾಡಿತ್ತು. ಆ ದರ ದುಬಾರಿಯಾಗಿತ್ತು, ಅದು ಇಳಿದದ್ದು ಸರಿಯೇ. ಆದರೆ ಪ್ರತಿ ಯೂನಿಟ್ಟಿಗೂ ಬೆಲೆಯಿದ್ದಾಗ ಯಜಮಾನನೇ ತಾರಸಿಗೆ ಹತ್ತಿ ನೆರಳು ನೋಡುತ್ತಿದ್ದ. 2023ರಲ್ಲಿ ಜಾರಿಯಾದ ಗೃಹಜ್ಯೋತಿಯ ಫಲವಾಗಿ 200 ಯೂನಿಟ್ಟಿನವರೆಗೆ ಬಳಸುವ ಮನೆಗೆ ವಿದ್ಯುತ್ತಿನ ಬೆಲೆಯೇ ಸೊನ್ನೆ. ಆ ಯೋಜನೆ ಬಡ ಮನೆಗಳಿಗೆ ಕೊಟ್ಟ ನೆಮ್ಮದಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಬೆಲೆಯಿಲ್ಲದ್ದು ಸೋರಿದರೆ ಯಾರೂ ಎಚ್ಚೆತ್ತುಕೊಳ್ಳುವುದಿಲ್ಲವೆಂಬುದು ಅರ್ಥಶಾಸ್ತ್ರದ ಮೊದಲ ವರ್ಷದ ಪಾಠ. ಅಕ್ಕನ ಮನೆಯ ಬಳಕೆ 200 ಯೂನಿಟ್ ಮೀರುವುದರಿಂದ ಅವರಿಗೆ ಬಿಲ್ಲು ಬಂತು. ಬಿಲ್ಲು ಬಂದದ್ದರಿಂದ ಸಂಶಯ ಬಂತು.

ಈ ದೋಷದಲ್ಲಿ ನನ್ನ ಪೀಳಿಗೆಯ ಅಧಿಕಾರಿಗಳ ಪಾಲೂ ಇದೆ. ಸೇವೆಯ ಆರಂಭದ ವರ್ಷಗಳಲ್ಲಿ ನಾನು ಹೊಗೆರಹಿತ ಒಲೆಗಳ ಪ್ರಗತಿ ವರದಿಗೆ ತಿಂಗಳು ತಿಂಗಳೂ ಸಹಿ ಹಾಕಿದ್ದೇನೆ. ಭೌತಿಕ ಪ್ರಗತಿ ಒಂದು ಕಲಂ, ಆರ್ಥಿಕ ಪ್ರಗತಿ ಇನ್ನೊಂದು. ಇಂತಿಷ್ಟು ಒಲೆ ಕಟ್ಟಲಾಗಿದೆ, ಇಂತಿಷ್ಟು ಹಣ ವೆಚ್ಚವಾಗಿದೆ. ಎರಡೂ ನೂರಕ್ಕೆ ನೂರು. ಕೆಲವು ವರ್ಷಗಳ ಬಳಿಕ ಬೇರೆ ಕೆಲಸದ ಮೇಲೆ ಆ ಹಳ್ಳಿಗಳಿಗೆ ಹೋದಾಗ, ಎಷ್ಟೋ ಮನೆಗಳಲ್ಲಿ ಆ ಒಲೆಯ ಮೇಲೆ ಸೌದೆ ಜೋಡಿಸಿಟ್ಟು ಪಕ್ಕದ ಮೂರು ಕಲ್ಲಿನ ಮೇಲೆ ಅಡುಗೆ ಮಾಡುತ್ತಿದ್ದುದನ್ನು ಕಂಡೆ. ಹೊಗೆ ಕಡಿಮೆಯಾಯಿತೇ ಎಂಬ ಕಲಂ ನಮ್ಮ ನಮೂನೆಯಲ್ಲಿ ಇರಲಿಲ್ಲ, ನಾನೂ ಸೇರಿಸಬೇಕೆಂದು ಬರೆಯಲಿಲ್ಲ. ಒಂದು ಕೋಟಿ ಮನೆಗಳ ಗುರಿಯಿರುವ ಸೂರ್ಯಘರ್‌ನ ಅಂಕಿಅಂಶಗಳನ್ನು ಪತ್ರಿಕೆಗಳಲ್ಲಿ ಓದುವಾಗಲೆಲ್ಲ ನನಗೆ ಆ ಒಲೆಗಳು ನೆನಪಾಗುತ್ತವೆ.

ಹಾಗಾದರೆ ಮಾಡಬೇಕಾದದ್ದೇನು? ಅರ್ಜಿಯ ಜೊತೆಗೇ ತಾರಸಿಯ ನೆರಳಿನ ದಾಖಲೆ ಇರಲಿ: ಬೆಳಿಗ್ಗೆ ಒಂಬತ್ತು, ನಡುಹಗಲು, ಮಧ್ಯಾಹ್ನ ಮೂರಕ್ಕೆ ತೆಗೆದ ಮೂರು ಚಿತ್ರ. ವರ್ಷವಿಡೀ ಸೂರ್ಯ ಸಾಗುವ ಹಾದಿಯನ್ನು ಮೊಬೈಲಿನ ಪರದೆಯ ಮೇಲೆಯೇ ತೋರಿಸುವ ಆ್ಯಪ್‌ಗಳು ಈಗಿವೆ. ಅಳವಡಿಸುವವರಿಗೆ ಅದನ್ನು ಬಳಸಲು ಕಲಿಸುವುದಕ್ಕೆ ಅರ್ಧ ದಿನ ಸಾಕು. ಎರಡನೆಯದು ಹೊಣೆಗಾರಿಕೆ. ಐದು ವರ್ಷ ನಿರ್ವಹಣೆ ಅಳವಡಿಸಿದವರದೇ ಎಂಬ ನಿಯಮ ಈಗಲೂ ಇದೆ. ಆದರೆ ನೆರಳಿನಲ್ಲಿರುವ ಫಲಕ ಕೆಟ್ಟಿಲ್ಲವಲ್ಲ! ಅದು ಚೆನ್ನಾಗಿಯೇ ಇದೆ, ಕೆಲಸವಷ್ಟೇ ಮಾಡುತ್ತಿಲ್ಲ. ವರ್ಷಕ್ಕೆ ಇಷ್ಟು ಯೂನಿಟ್ ಬರುತ್ತದೆಂದು ಒಪ್ಪಂದದಲ್ಲೇ ಬರೆದುಕೊಟ್ಟು, ಬರದಿದ್ದರೆ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕೆಂಬ ಷರತ್ತು ಬೇಕು. ಇನ್ವರ್ಟರುಗಳ ಲೆಕ್ಕ ಅಂತರ್ಜಾಲದಲ್ಲಿ ಹೇಗೂ ದಾಖಲಾಗುತ್ತಿರುವುದರಿಂದ ಪರಿಶೀಲನೆ ಕಷ್ಟವಲ್ಲ. ಸಹಾಯಧನದಲ್ಲಿ ಒಂದು ಪಾಲನ್ನು ವರ್ಷದ ಕೊನೆಯವರೆಗೆ ತಡೆಹಿಡಿಯಬಹುದೆಂದು ಮೊದಲು ನನಗೂ ಅನಿಸಿತ್ತು. ಆದರೆ ಆ ಹಣ ಹೋಗುವುದು ಮನೆಯವರ ಖಾತೆಗೆ. ತಡೆಹಿಡಿದರೆ ಬವಣೆ ಸಾಲ ಮಾಡಿದವರಿಗೇ ಹೊರತು ತಪ್ಪು ಮಾಡಿದವರಿಗಲ್ಲ.

ಪ್ರತಿ ಫಲಕವನ್ನೂ ಪ್ರತ್ಯೇಕವಾಗಿ ದುಡಿಸುವ ಆಪ್ಟಿಮೈಜರು, ಮೈಕ್ರೊ ಇನ್ವರ್ಟರುಗಳು ಮಾರುಕಟ್ಟೆಯಲ್ಲಿವೆಯಲ್ಲ ಎಂದು ಬಲ್ಲವರು ಕೇಳಬಹುದು. ಇವೆ, ಒಳ್ಳೆಯವೇ. ಸುತ್ತ ಮೂರು ಅಂತಸ್ತಿನ ಮನೆಗಳೆದ್ದು ಯಾವ ಮೂಲೆಗೆ ಸರಿದರೂ ನೆರಳು ತಪ್ಪದ ಬೆಂಗಳೂರಿನ ತಾರಸಿಗಳಿಗೆ ಅವು ಬೇಕಾಗುತ್ತವೆ. ಆದರೆ ಅವು ಬಿಸಿಲನ್ನು ಸೃಷ್ಟಿಸುವುದಿಲ್ಲ, ಒಂದು ಫಲಕದ ದಣಿವು ಇನ್ನೊಂದಕ್ಕೆ ಹಬ್ಬದಂತೆ ತಡೆಯುತ್ತವೆ ಅಷ್ಟೆ. ಜಾಗವಿರುವ ಊರಿನ ಮನೆಯಲ್ಲಿ ಎಂಟಡಿ ಸರಿಸಿದರೆ ಆಗುವ ಕೆಲಸಕ್ಕೆ ಸಾವಿರಾರು ರೂಪಾಯಿಯ ಉಪಕರಣ ಕೊಳ್ಳುವುದು ಜಾಣತನವಲ್ಲ.

ನಮ್ಮ ಸೀಮೆಗೇ ಸೇರಿದ ಇನ್ನೊಂದು ಸೂಕ್ಷ್ಮವಿದೆ. ಫಲಕದ ಉತ್ತರಕ್ಕಿರುವ ವಸ್ತುವಿನ ನೆರಳನ್ನು ಲೆಕ್ಕಿಸಬೇಕಾಗಿಲ್ಲವೆಂದು ಹೇಳುವುದುಂಟು. ಅದು ಯುರೋಪಿಗೆ ಸರಿ. ಹದಿಮೂರೂವರೆ ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿರುವ ನಮಗೆ ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗಿ, ಆಗಸ್ಟ್ ನಡುವಿನವರೆಗೆ ಅಲ್ಲೇ ಇರುತ್ತಾನೆ. ಡಿಸೆಂಬರಿನಲ್ಲಿ ತಾರಸಿ ನೋಡಿಹೋದವನಿಗೆ ಜೂನಿನ ನೆರಳು ಕಾಣುವುದಿಲ್ಲ. ಆ ತಿಂಗಳುಗಳಲ್ಲಿ ಮುಂಗಾರಿನ ಮೋಡವಿದ್ದು ನೆರಳೇ ಮಸುಕಾಗುವುದರಿಂದ ನಷ್ಟ ಕಡಿಮೆ, ನಿಜ. ಆದರೆ ನಮ್ಮ ಕಡೆ ಮುಂಗಾರು ಎಷ್ಟು ದಿನ ಬಂದು ಹೋಗುತ್ತದೆಂಬುದು ಎಲ್ಲರಿಗೂ ತಿಳಿದದ್ದೇ.

ಈಗ ಹುಣಸೆ ಬಡಿಯುವ ಕಾಲ. ಗುತ್ತಿಗೆಯವರು ಮೊನ್ನೆ ಬಂದು ಮರ ಹತ್ತಿದರಂತೆ. ತಾರಸಿಯ ಮೇಲಿನ ಬಿಳಿಯ ಗೆರೆಗಳನ್ನು ಅಕ್ಕನ ಮಗ ಹಾಗೆಯೇ ಉಳಿಸಿಕೊಂಡಿದ್ದಾನೆ. ‘ಮಾವ, ಜೂನಿನಲ್ಲಿ ಒಂದು ಭಾನುವಾರ ಬನ್ನಿ, ಈ ಸಾರಿ ಕೆಂಪು ಸೀಮೆಸುಣ್ಣದಲ್ಲಿ ಬರೆಯೋಣ’ ಎಂದು ನಿನ್ನೆ ಫೋನಿನಲ್ಲಿ ಹೇಳಿದ. ಹೋಗುತ್ತೇನೆ.